ಹತ್ತು ಹುಳು ರುಚಿ ನೋಡಿದ ಎಣ್ಣೆ

ಮೊದಲು ಕಂಡದ್ದು ರಕ್ತ.

ಬೆಳಗಿನ ಸೊಪ್ಪು ಹಾಕಿ ಹುಳುಮನೆಯಿಂದ ಹೊರಗೆ ಬಂದಿದ್ದೆ. ಹೊಟ್ಟೆ ಹಿಂಡಿದಂತಾಗಿ ಕಕ್ಕಸಿಗೆ ಹೋದೆ. ನೋಡಿದರೆ ಕೆಂಪು. ನಿನ್ನೆ ಬೀಟ್‌ರೂಟ್ ತಿಂದಿದ್ದೆನೇ ಎಂದು ನೆನಪು ಮಾಡಿಕೊಂಡೆ. ತಿಂದಿರಲಿಲ್ಲ. ನೀರು ಸುರಿದೆ. ಯಾರಿಗೂ ಹೇಳಲಿಲ್ಲ. ರೇಷ್ಮೆ ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎರಡು ದಿನವಾಗಿತ್ತು. ಆಮೇಲಿನ ಒಂದು ವಾರ ಅವು ತಿನ್ನುವ ತಿನಿಸನ್ನು ನೋಡಿದವರಿಗೇ ಗೊತ್ತು. ಆ ವಾರದಲ್ಲಿ ರೇಷ್ಮೆ ಮಾಡುವ ಮನೆಯ ಹೆಂಗಸಿಗೆ ಕಾಯಿಲೆ ಬೀಳಲು ಪುರುಸೊತ್ತಿರುವುದಿಲ್ಲ.

ಹಾಗೆ ಪುರುಸೊತ್ತಿಲ್ಲದೆಯೇ ಒಂದೂವರೆ ತಿಂಗಳು ಕಳೆಯಿತು. ದಿನಕ್ಕೆ ಎರಡು ಸಲ ಇದ್ದದ್ದು ಐದಾಯಿತು, ಎಂಟಾಯಿತು, ಹತ್ತಾಯಿತು. ಅವಸರ ಬಂತೆಂದರೆ ತಡೆಯುವ ಮಾತೇ ಇಲ್ಲ. ಕನಕಪುರದಿಂದ ರಾಮನಗರಕ್ಕೆ ಹೋಗುವ ರಸ್ತೆಯಲ್ಲಿ ಎಲ್ಲೆಲ್ಲಿ ಪೆಟ್ರೋಲ್ ಬಂಕ್ ಇದೆ, ಯಾವ ಬಂಕಿನ ಕಕ್ಕಸಿಗೆ ಚಿಲಕವಿಲ್ಲ, ಯಾವ ಹೋಟೆಲಿನವನು ಕಾಫಿ ಕುಡಿದರೆ ಮಾತ್ರ ಬೀಗದ ಕೈ ಕೊಡುತ್ತಾನೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಆಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟೆ.

ನನ್ನ ಹೆಸರು ಸುಧಾ. ನಲವತ್ನಾಲ್ಕು ವರ್ಷ. ಬಿ.ಎ. ಮುಗಿಸಿ ಕನಕಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ನಾಲ್ಕೇ ಜನ. ನಾನು, ಯಜಮಾನರು ಚಂದ್ರಪ್ಪ, ಅತ್ತೆ, ರಾಮನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿರುವ ಮಗಳು ಕಾವ್ಯ. ಎರಡು ಎಕರೆ ಹಿಪ್ಪುನೇರಳೆ ತೋಟ, ಅದರ ಪಕ್ಕ ಹುಳುಮನೆ. ಮದುವೆಯಾಗಿ ಬಂದ ಹೊಸದರಲ್ಲಿ ಹುಳು ಮುಟ್ಟಲು ಹೇಸಿಗೆ ಪಡುತ್ತಿದ್ದೆ. ಈಗ ಕತ್ತಲಲ್ಲಿ ಅವು ಸೊಪ್ಪು ತಿನ್ನುವ ಸದ್ದು ಕೇಳಿಯೇ ಹಸಿದಿವೆಯೋ ಇಲ್ಲವೋ ಹೇಳುತ್ತೇನೆ. ನನ್ನ ಹೊಟ್ಟೆಯ ವಿಷಯದಲ್ಲಿ ಮಾತ್ರ ಅಷ್ಟು ಬುದ್ಧಿ ಓಡಲಿಲ್ಲ.

ಮೂಲವ್ಯಾಧಿ ಇರಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅತ್ತೆಗೆ ಹೇಳಿದೆ, ಯಜಮಾನರಿಗೆ ಹೇಳಲಿಲ್ಲ. ನಾಚಿಕೆ. ಅತ್ತೆ ಮಜ್ಜಿಗೆ ಕೊಟ್ಟರು, ಮೂಲಂಗಿ ರಸ ಕೊಟ್ಟರು, ಖಾರ ಬಿಡಿಸಿದರು. ಯಾವುದಕ್ಕೂ ಅದು ಜಗ್ಗಲಿಲ್ಲ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಲು ಹೋದ ದಿನ, ಹರಾಜಿನ ಗದ್ದಲದ ಮಧ್ಯೆ, ನಮ್ಮ ಗೂಡಿನ ರಾಶಿಯ ಪಕ್ಕದಲ್ಲೇ ಕಣ್ಣಿಗೆ ಕತ್ತಲೆ ಕಟ್ಟಿ ಕುಸಿದೆ. ಎಚ್ಚರವಾದಾಗ ನರ್ಸಿಂಗ್ ಹೋಮಿನ ಮಂಚದ ಮೇಲಿದ್ದೆ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಅಲ್ಲಿನ ಡಾಕ್ಟರು ಒಂದೇ ಮಾತಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು.

ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಆಯಿತು. ಕರುಳು ಖಾಲಿಯಾಗಲೆಂದು ಹಿಂದಿನ ದಿನ ಕುಡಿಯಲು ಕೊಡುವ ಔಷಧಿಯ ಬಗ್ಗೆ ಬರೆಯುವುದಿಲ್ಲ. ಕುಡಿದವರಿಗೆ ಗೊತ್ತು, ಕುಡಿಯದವರಿಗೆ ಗೊತ್ತಾಗುವುದು ಬೇಡ. ಬಯಾಪ್ಸಿ ರಿಪೋರ್ಟ್ ಬಂದ ದಿನ ಗ್ಯಾಸ್ಟ್ರೋ ಡಾಕ್ಟರ್ ಮೇಡಂ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅವರು ಹಾಗೆ ಕೂತದ್ದಕ್ಕೇ ಕ್ಯಾನ್ಸರ್ ಎಂದು ತೀರ್ಮಾನಿಸಿಬಿಟ್ಟೆ.

"ಕ್ಯಾನ್ಸರ್ ಅಲ್ಲ. ಇದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಅಂತಾರೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗಿದೆ. ನಿಮ್ಮ ದೇಹದ ಕಾವಲುಗಾರರೇ ನಿಮ್ಮ ಕರುಳಿನ ಮೇಲೆ ಬಿದ್ದಿದ್ದಾರೆ."

"ವಾಸಿ ಆಗುತ್ತಾ ಮೇಡಂ?"

"ಹತೋಟಿಗೆ ಬರುತ್ತೆ. ಮಾತ್ರೆ ಜೀವನಪೂರ್ತಿ ಬೇಕಾಗಬಹುದು."

ಕ್ಯಾನ್ಸರ್ ಅಲ್ಲ ಎಂದಾಗ ಬಂದ ಸಮಾಧಾನ ಜೀವನಪೂರ್ತಿ ಎಂದಾಗ ಹೋಯಿತು.

ಮೆಸಲಮೈನ್ ಎಂಬ ಇಟ್ಟಿಗೆ ಬಣ್ಣದ ದಪ್ಪ ಮಾತ್ರೆ. ಸ್ಟೆರಾಯ್ಡ್ ಎಂಬ ಸಣ್ಣ ಬಿಳಿ ಮಾತ್ರೆ, ಬೆಳಿಗ್ಗೆ ಎದ್ದರೆ ಎಂಟು. ಅದನ್ನು ವಾರವಾರ ಒಂದೊಂದೇ ಕಡಿಮೆ ಮಾಡುತ್ತ ಬರಬೇಕು, ಥಟ್ಟನೆ ನಿಲ್ಲಿಸಬಾರದು ಎಂದು ಮೇಡಂ ಎರಡೆರಡು ಸಲ ಹೇಳಿ ಕಳಿಸಿದರು. ಜೊತೆಗೆ ಕಬ್ಬಿಣದ್ದು, ಕ್ಯಾಲ್ಸಿಯಂದು. ಊಟಕ್ಕಿಂತ ಮಾತ್ರೆಯೇ ಹೆಚ್ಚು ಎಂದು ಅತ್ತೆ ಗೊಣಗಿದರು. ಆದರೆ ಮೂರು ವಾರದಲ್ಲಿ ರಕ್ತ ನಿಂತಿತು. ಹತ್ತು ಸಲ ಇದ್ದದ್ದು ಮೂರಕ್ಕೆ ಇಳಿಯಿತು.

ಕೆಲಸ ಮಾಡಿದ್ದು ಮಾತ್ರೆ. ನಮ್ಮ ಕಣ್ಣಿಗೆ ಬಿದ್ದದ್ದು ಅದರ ಉಪದ್ರವ. ಮುಖ ಊದಿ ಗುಂಡಗಾಯಿತು. ನಿದ್ದೆ ಹಾರಿಹೋಯಿತು. ಹಸಿವೋ ಹಸಿವು. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು. ಸಾರಿಗೆ ಉಪ್ಪು ಕಡಿಮೆ ಎಂದದ್ದಕ್ಕೆ ಮಗಳ ಮುಂದೆ ತಟ್ಟೆ ಕುಕ್ಕಿದೆ. ಇಪ್ಪತ್ತೆರಡು ವರ್ಷದಲ್ಲಿ ಅತ್ತೆಗೆ ಒಂದು ಎದುರು ಮಾತು ಆಡಿದವಳಲ್ಲ, ಆ ತಿಂಗಳಲ್ಲಿ ಬಡ್ಡಿ ಸಮೇತ ಆಡಿದೆ. ಅವರು ನನ್ನ ಮುಖ ನೋಡಿ "ಪಾಪ, ಮಾತ್ರೆ ಮಾತಾಡ್ತಾವೆ ಬುಡು" ಎಂದು ಎದ್ದು ಹೋಗುತ್ತಿದ್ದರು. ಕನ್ನಡಿಯಲ್ಲಿ ಕಾಣುವ ಆ ಉಬ್ಬಿದ ಮುಖದ ಹೆಂಗಸು ನನಗೆ ಒಗ್ಗಲೇ ಇಲ್ಲ.

ಯಜಮಾನರಿಗೆ ಮಾತ್ರೆಗಳ ಮೇಲೆ ಅನುಮಾನ ಹುಟ್ಟಿದ್ದು ಆಗಲೇ. "ಇಷ್ಟು ಔಸ್ತಿ ಹೊಡುದ್ರೆ ತೋಟ್ವೇ ಒಣಗೋಯ್ತದೆ, ಮನ್ಸ ತಡ್ದಾನಾ?" ಎನ್ನುತ್ತಿದ್ದರು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದರೆ ಗಾಳಿಗೆ ಅದು ನಮ್ಮ ಸೊಪ್ಪಿನ ಮೇಲೂ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅಂಥ ಸೊಪ್ಪು ಹಾಕಿದರೆ ಒಂದು ಬೆಳೆ ಹುಳು ಪೂರಾ ಹಸಿರು ವಾಂತಿ ಮಾಡಿಕೊಂಡು ಸಾಯುತ್ತವೆ. ಅದಕ್ಕೇ ಅನುಮಾನ ಬಂದ ಸೊಪ್ಪನ್ನು ಮೊದಲು ಹತ್ತು ಹುಳುವಿಗೆ ಹಾಕಿ ಅರ್ಧ ದಿನ ಕಾಯುತ್ತೇವೆ. ಹತ್ತು ಹುಳು ಬದುಕಿದರೆ ಉಳಿದವಕ್ಕೂ ಆ ಸೊಪ್ಪು. ನಮ್ಮವರ ಮಟ್ಟಿಗೆ ಇದು ಪದ್ಧತಿಯಲ್ಲ, ಧರ್ಮ. ಹುಳುಮನೆ ಗೋಡೆಗೆ ಹೊಸ ಸುಣ್ಣ ಬಳಿದರೂ, ಕೈ ತೊಳೆಯುವ ಸೋಪು ಬದಲಾದರೂ, "ತಡಿ, ಹತ್ತು ಹುಳ ಬುಟ್ಟು ನೋಡಣ" ಎನ್ನುವ ಮನುಷ್ಯ. ಈ ಪರೀಕ್ಷೆಯಿಂದ ನಮ್ಮ ಬೆಳೆ ಎರಡು ಸಲ ಉಳಿದಿದೆ. ಹಾಗಾಗಿ ನಾನೂ ಅದನ್ನು ನಂಬಿದ್ದೆ.

ಐದನೇ ವಾರದಲ್ಲಿ ನನ್ನ ತಮ್ಮ ಮಂಜು ಬಂದ. ಚನ್ನಪಟ್ಟಣದಲ್ಲಿ ಅವನದು ಬಣ್ಣದ ಆಟಿಕೆ ಅಂಗಡಿ. ಮೈಸೂರಿಗೆ ಹೋಗುವವರು ಕಾರು ನಿಲ್ಲಿಸಿ ಮರದ ಕುದುರೆ, ಬುಗುರಿ ಕೊಳ್ಳುತ್ತಾರೆ, ಹೋಗುವಾಗ ಅವನಿಗೆ ಊರೂರಿನ ಸುದ್ದಿ ಕೊಟ್ಟು ಹೋಗುತ್ತಾರೆ. ಹಾಗೆ ಯಾರೋ ಕೊಟ್ಟ ಸುದ್ದಿ ಹಿಡಿದು ಅವನು ಒಂದು ಸಣ್ಣ ಕಂದು ಬಾಟಲಿ ತರಿಸಿದ್ದ. ಮುಚ್ಚಳಕ್ಕೆ ಡ್ರಾಪರ್. ಮೇಲೆ ಬೆರಳು ಬಿಡಿಸಿದಂಥ ಎಲೆಯ ಚಿತ್ರ.

ಅತ್ತೆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಇದು ಬಂಗಿ ಸೊಪ್ಪಲ್ವೇನ್ಲಾ ಮಂಜ?"

"ಗಿಡ ಅದೇ ಕಣಮ್ಮ. ಸಾರ ಬ್ಯಾರೆ. ಇದ್ರಲ್ಲಿ ಅಮಲು ಬರಾಕಿಲ್ಲ. ಡಾಕ್ಟ್ರು ಫೋನಲ್ಲಿ ಮಾತಾಡಿ ಚೀಟಿ ಬರ್ಕೊಟ್ಟವ್ರೆ."

"ಪೊಲೀಸ್ನೋರು ಬಂದಾಗ ಆ ಚೀಟಿ ನೀನೇ ತೋರ್ಸಪ್ಪ" ಎಂದು ಅತ್ತೆ ಬಾಟಲಿ ಕೆಳಗಿಟ್ಟರು.

ಫೋನಿನ ಆ ವೈದ್ಯರು ನನ್ನನ್ನು ನೋಡಿರಲಿಲ್ಲ, ನನ್ನ ದನಿಯನ್ನೂ ಕೇಳಿರಲಿಲ್ಲ. ಕಾಯಿಲೆ ನನ್ನದು, ವಿವರ ಮಂಜನದು. ನಾನು ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಅವನು ಹೇಳಿದನೋ ಬಿಟ್ಟನೋ ಅವನಿಗೇ ನೆನಪಿರಲಿಲ್ಲ.

ಕಾವ್ಯ ಬಾಟಲಿಯ ಪೆಟ್ಟಿಗೆ ಹಿಡಿದು ಫೋನಿನಲ್ಲಿ ಹುಡುಕುತ್ತ ಕೂತಳು. ಗಾಂಜಾ ಗಿಡದ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ, ಸೇದಿದರೆ ಅಮಲು. ಇದರ ಹೆಸರು ಸಿಬಿಜಿ, ಕ್ಯಾನಬಿಜೆರಾಲ್. ಗಿಡ ಎಳೆಯದಾಗಿದ್ದಾಗ ಮೊದಲು ಹುಟ್ಟುವುದು ಇದರ ಆಮ್ಲವಂತೆ. ಗಿಡ ಬಲಿಯುತ್ತ ಬಂದಂತೆ ಅದೇ ಬೇರೆ ಬೇರೆ ವಸ್ತುಗಳಾಗಿ ಬದಲಾಗುತ್ತದೆ. ಅಮಲು ಬರಿಸುವುದೂ ಅದರಿಂದಲೇ ಆಗುವುದು. ಕೊನೆಗೆ ಗಿಡದಲ್ಲಿ ಇದು ಉಳಿಯುವುದು ತೀರ ಕಡಿಮೆ, ಅದಕ್ಕೇ ಇದರ ಹೆಸರು ಹೆಚ್ಚು ಜನ ಕೇಳಿಲ್ಲ. ಮಗಳು ಓದಿ ಹೇಳಿದ್ದನ್ನು ನಾಲ್ವರೂ ಪಾಠದಂತೆ ಕೇಳಿದೆವು.

"ಕರುಳಿಗೆ ಏನ್ ಮಾಡ್ತದಂತೆ?" ಎಂದೆ.

"ಇಲಿಗಳಿಗೆ ಕೊಟ್ಟು ನೋಡವ್ರೆ ಅಮ್ಮ. ಕರುಳಿನ ಊತ ಕಮ್ಮಿ ಆಗೈತಂತೆ."

"ಮನುಷ್ಯರಿಗೆ?"

"ಅದ್ರದ್ದು ಜಾಸ್ತಿ ಏನೂ ಇಲ್ಲ. ಆಗಬಹುದು, ಸಹಾಯ ಮಾಡಬಹುದು, ಬರೀ ಬಹುದೇ. ಇನ್ನೊಂದು, ಈಗ ತಗೋತಿರೋ ಔಷಧಿ ನಿಲ್ಲಿಸಬ್ಯಾಡಿ ಅಂತ ಪೆಟ್ಟಿಗೆ ಮೇಲೇ ಬರ್ದವ್ರೆ."

ಯಜಮಾನರು ಎದ್ದರು. "ಇಲಿ ಇಲ್ದಿದ್ರೆ ಏನಾಯ್ತು, ನಮ್ ತಾವ ಹುಳ ಇಲ್ವಾ?"

ನಾನು ನಕ್ಕೆ. ಅವರನ್ನು ತಡೆಯಲಿಲ್ಲ.

ಅವರು ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದರು. ಮೂರು ತಟ್ಟೆ, ತಟ್ಟೆಗೆ ಹತ್ತು ಹುಳು. ಒಂದಕ್ಕೆ ಬರಿ ಸೊಪ್ಪು. ಒಂದಕ್ಕೆ ಎಣ್ಣೆಯ ಒಂದು ಹನಿ ಸವರಿದ ಸೊಪ್ಪು. ಮೂರನೆಯದಕ್ಕೆ ನನ್ನ ಮಾತ್ರೆಗಳನ್ನು ಕುಟ್ಟಿ ನೀರಿನಲ್ಲಿ ಕದಡಿ ಚಿಮುಕಿಸಿದ ಸೊಪ್ಪು. ಮಾತ್ರೆಯನ್ನೂ ನೋಡಿಬಿಡೋಣ ಎಂದವರು ಅವರು. ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಕೊಟ್ಟವಳು ನಾನು.

ಎಣ್ಣೆ ಸೊಪ್ಪಿನ ಹುಳುಗಳು ಮೊದಲು ತಲೆ ಆಚೆ ತಿರುಗಿಸಿದವು. ಆಮೇಲೆ ಹನಿ ಬಿದ್ದ ಜಾಗ ಬಿಟ್ಟು ಸುತ್ತ ತಿಂದವು. ಮಾತ್ರೆ ಸೊಪ್ಪು ಸಂಜೆಯವರೆಗೂ ಹಾಗೇ ಬಿದ್ದಿತ್ತು. ಎರಡು ಮೂರು ಹುಳು ವಾಂತಿ ಮಾಡಿದ್ದವು. ಮಾರನೇ ದಿನಕ್ಕೆ ಆರು ಸತ್ತಿದ್ದವು. ಎಣ್ಣೆಯ ಹತ್ತೂ ಬದುಕಿ, ಬಲಿತು ಹಣ್ಣಾಗಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗೆ ಏರಿ ಗಟ್ಟಿಯಾದ ಗೂಡು ಕಟ್ಟಿದವು. ಯಜಮಾನರು ಆ ಗೂಡೊಂದನ್ನು ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಬಂತೆಂದರೆ ಒಳಗಿನ ಹುಳು ಚೆನ್ನಾಗಿದೆ ಎಂದು ತೋರಿಸಿದರು.

"ನೋಡು ಕಣೆ. ಯಾವ್ದು ವಿಸ, ಯಾವ್ದು ಔಸ್ತಿ, ನಿನ್ ಕಣ್ಣೆದ್ರುಗೇ ಐತೆ."

ಅವರ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳುವುದು ಸುಲಭ. ನಿಜ ಹೇಳುತ್ತೇನೆ, ಆ ಮಾತು ನನಗೂ ಬೇಕಾಗಿತ್ತು. ಆ ಮುಖ ನನಗೆ ಸಾಕಾಗಿತ್ತು. ಜೀವನಪೂರ್ತಿ ಎಂಬ ಪದ ಸಾಕಾಗಿತ್ತು. ಬಿ.ಎ. ಓದಿದ್ದೇನೆ, ಪೇಪರ್ ಓದುತ್ತೇನೆ, ಹುಳು ಬೇರೆ ಮನುಷ್ಯ ಬೇರೆ ಎಂದು ಗೊತ್ತಿಲ್ಲದವಳಲ್ಲ. ಆದರೂ ಆ ಗೂಡು ಕಿವಿಯ ಹತ್ತಿರ ಗಲಗಲ ಎಂದಾಗ ನಂಬಿದೆ.

ಮಾತ್ರೆ ಬಿಟ್ಟೆ.

ಕಾವ್ಯಳಿಗೆ ಹೇಳಲಿಲ್ಲ. ಅವಳು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಮಾತ್ರೆ ಅಂಗೈಗೆ ಸುರಿದುಕೊಂಡು ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದೆ. ಅವಳು ಗೇಟು ದಾಟಿದ ಮೇಲೆ ಮಾತ್ರೆ ತಿಪ್ಪೆಗೆ. ನಾಲಗೆಯ ಕೆಳಗೆ ಎಣ್ಣೆಯ ಹನಿ, ಬೆಳಿಗ್ಗೆ ಐದು, ರಾತ್ರಿ ಐದು. ಹಸಿ ಹುಲ್ಲಿನ ವಾಸನೆ, ಸ್ವಲ್ಪ ಕಹಿ. ಆ ವಾಸನೆ ಹುಳುವಿಗೆ ತಾಗದಿರಲೆಂದು ಅರ್ಧ ಗಂಟೆ ಬಿಟ್ಟು, ಬಾಯಿ ಮುಕ್ಕಳಿಸಿ, ಆಮೇಲೆ ಹುಳುಮನೆಗೆ ಹೋಗುತ್ತಿದ್ದೆ. ಹುಳುವಿನ ಬಗ್ಗೆ ಅಷ್ಟು ಎಚ್ಚರ.

ಮೂರು ವಾರ ಹಿತವಾಗಿಯೇ ಇದ್ದೆ. ನಿದ್ದೆ ಬಂತು. ಮುಖದ ಊತ ಇಳಿಯುತ್ತ ಬಂತು. ಸಿಟ್ಟು ತಗ್ಗಿತು. ಸುಸ್ತು ಮಾತ್ರ ಇತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಅದನ್ನು ಕಾಯಿಲೆ ಬಿಟ್ಟು ಹೋಗುವ ಸುಸ್ತು ಎಂದುಕೊಂಡೆ. ಯಜಮಾನರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೆಸರು ಹೇಳದೆ ಒಂದು ಎಣ್ಣೆಯ ಮಹಿಮೆ ಹೇಳುತ್ತಿದ್ದರು. ನಾನೂ ಒಳಗೊಳಗೇ ಬೀಗಿದೆ.

ನಾಲ್ಕನೇ ವಾರದ ಮೊದಲ ದಿನ ಮತ್ತೆ ಕೆಂಪು.

ಈ ಸಲ ಅದು ನಿಧಾನವಾಗಿ ಬರಲಿಲ್ಲ. ಎರಡೇ ದಿನದಲ್ಲಿ ಹದಿನಾಲ್ಕು ಸಲ. ಬರೀ ರಕ್ತ, ಲೋಳೆ. ಜ್ವರ. ಹೊಟ್ಟೆ ಮುಟ್ಟಿದರೆ ಕಿರುಚುವಷ್ಟು ನೋವು. ಮೂರನೇ ದಿನ ಮಂಜು ಅಂಗಡಿ ಮುಚ್ಚಿ ಕಾರು ತಂದ. ಹಿಂದಿನ ಸೀಟಿನಲ್ಲಿ ಹಳೆಯ ಸೀರೆ ಹಾಸಿ ನನ್ನನ್ನು ಮಲಗಿಸಿದರು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬೆಂಗಳೂರು ಮುಟ್ಟುವವರೆಗೆ ಬದುಕಿರುತ್ತೇನೆಯೇ ಎಂದು ನನಗೆ ಅನುಮಾನವಿತ್ತು.

ಅಡ್ಮಿಟ್ ಮಾಡಿಕೊಂಡರು. ಡ್ರಿಪ್, ರಕ್ತ, ಎಕ್ಸ್‌ರೇ. ಸಂಜೆ ಅದೇ ಡಾಕ್ಟರ್ ಮೇಡಂ ಬಂದರು.

"ಮಾತ್ರೆ ಸರಿಯಾಗಿ ತಗೊಳ್ತಿದ್ರಾ?"

"ಹೂಂ ಮೇಡಂ."

"ಒಂದೂ ಬಿಟ್ಟಿಲ್ಲ?"

"ಇಲ್ಲ."

ಅವರು ನನ್ನ ಫೈಲಿನಲ್ಲಿ ಏನೋ ಬರೆದರು. ಮುಖದಲ್ಲಿ ಚಿಂತೆ ಕಂಡಿತು. ಹೊರಗೆ ಯಜಮಾನರನ್ನು ಕರೆದು ಹೇಳಿದ್ದು ಬಾಗಿಲಿನ ಸಂದಿಯಿಂದ ನನಗೂ ಕೇಳಿಸಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಇಷ್ಟು ಜೋರಾಗಿ ತಿರುಗಿಬಿದ್ದಿದೆ ಎಂದರೆ ಈ ಮದ್ದಿಗೆ ಅದು ಬಗ್ಗುತ್ತಿಲ್ಲ ಎಂದರ್ಥ. ಸ್ಟೆರಾಯ್ಡನ್ನು ರಕ್ತನಾಳಕ್ಕೆ ಕೊಟ್ಟು ಮೂರು ದಿನ ನೋಡುತ್ತೇವೆ. ಆಗದಿದ್ದರೆ ಇನ್ನೊಂದು ಬಗೆಯ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳು ತೆಗೆಯಬೇಕಾಗುತ್ತದೆ. ಸರ್ಜನ್‌ಗೆ ಈಗಲೇ ಹೇಳಿಟ್ಟಿರುತ್ತೇನೆ.

ಕರುಳು ತೆಗೆಯಬೇಕಾಗುತ್ತದೆ.

ಕರುಳು ತೆಗೆಸಿಕೊಂಡು, ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟಿಕೊಂಡವರನ್ನು ಅದೇ ವಾರ್ಡಿನಲ್ಲಿ ನೋಡಿದ್ದೆ. ಚೆನ್ನಾಗಿಯೇ ಓಡಾಡುತ್ತಿದ್ದರು, ನಗುತ್ತಲೂ ಇದ್ದರು. ಅವರ ಧೈರ್ಯ ನನಗೆ ಬರಲಿಲ್ಲ. ನನಗೆ ಭಯವಾಯಿತು.

ಯಜಮಾನರು ಒಳಗೆ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಮುಖ ಬಿಳಿಚಿತ್ತು. ಆದರೂ ಹಿಡಿದ ಪಟ್ಟು ಬಿಡಲಿಲ್ಲ. "ಆ ಹಳೇ ಮಾತ್ರೆ ವಿಸ ಇನ್ನೂ ಒಳಗೇ ಕುಂತೈತೆ ಅನ್ಸುತ್ತೆ. ಹುಳ ಸತ್ತಿದ್ದು ನಾನೇ ನೋಡಿವ್ನಿ."

ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು. ಮಗನ ಕಡೆ ತಿರುಗಿದರು.

"ಲೇ ಚಂದ್ರ. ಹುಳಕ್ಕೆ ಮುದ್ದೆ ಹಾಕುದ್ರೆ ಬದುಕ್ತದಾ?"

ಯಜಮಾನರು ಡ್ರಿಪ್ಪಿನ ಬಾಟಲಿಯ ಕಡೆ ನೋಡಿದರು.

"ಸೊಪ್ಪು ಬುಟ್ಟು ಇನ್ನೊಂದ ಮೂಸಾಕಿಲ್ಲ ಅದು. ಮುದ್ದೆ ಹಾಕುದ್ರೂ ಸಾಯ್ತದೆ, ಹಾಲು ಉಯ್ದ್ರೂ ಸಾಯ್ತದೆ. ಹಂಗಂತ ಮುದ್ದೆ ವಿಸವಾ? ಮುದ್ದೆ ತಿನ್ಸೇ ನಿನ್ನ ಸಾಕಿವ್ನಿ. ಆವತ್ತೇ ಹೇಳಬೇಕಿತ್ತು. ಓದಿರೋರು ಇಬ್ರು ಅವ್ರೆ ಮನೇಲಿ ಅಂತ ಸುಮ್ನಿದ್ದೆ."

ಓದಿದವರಲ್ಲಿ ಒಬ್ಬಳು ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಇನ್ನೊಬ್ಬಳು ಬಾಗಿಲಲ್ಲಿ ಟಿಫನ್ ಕ್ಯಾರಿಯರ್ ಹಿಡಿದು ನಿಂತಿದ್ದಳು. ಕಾವ್ಯ ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. "ಅಮ್ಮ, ಮಾತ್ರೆ ಬಿಟ್ಟಿದ್ಯಾ?" ಎಂದಳು. ನಾನು ಹೂಂ ಎಂದೆ. ಅವಳು ಕ್ಯಾರಿಯರ್ ಕೆಳಗಿಟ್ಟು ಅತ್ತಳು. ನನ್ನ ಕಾಯಿಲೆಗೆ ಅಲ್ಲ, ಅವಳೆದುರು ಲೋಟ ಹಿಡಿದು ನಿಂತು ಆಡಿದ ನಾಟಕಕ್ಕೆ ಎಂದು ನನಗೆ ಗೊತ್ತಿತ್ತು.

ನರ್ಸ್ ಹತ್ತಿರ ಡಾಕ್ಟರ್ ಮೇಡಂ ಅವರನ್ನು ಮತ್ತೆ ಕರೆಸಲು ಹೇಳಿದೆ. ಮನೆಗೆ ಹೊರಟಿದ್ದವರು ಚೀಲ ಹೆಗಲಿಗೆ ಹಾಕಿಕೊಂಡೇ ಬಂದರು. ಎಲ್ಲವನ್ನೂ ಹೇಳಿದೆ. ಮಾತ್ರೆ ತಿಪ್ಪೆಗೆ ಹೋದದ್ದು, ಎಣ್ಣೆ, ಫೋನಿನ ಚೀಟಿ, ಮೂರು ತಟ್ಟೆ, ಮೂವತ್ತು ಹುಳು. ಬೈಗುಳ ಕಾಯುತ್ತ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ ಮೇಡಂ ಕುರ್ಚಿ ಎಳೆದುಕೊಂಡು ಕೂತಿದ್ದರು, ಮುಖದ ಗಂಟು ಸಡಿಲಾಗಿತ್ತು.

"ಇದು ನನಗೆ ಒಳ್ಳೇ ಸುದ್ದಿ" ಎಂದರು. "ಔಷಧಿ ಸೋತಿದೆ ಅಂದುಕೊಂಡಿದ್ದೆ. ಔಷಧಿ ಸೋತಿಲ್ಲ, ನೀವು ಬಿಟ್ಟಿದ್ದೀರ. ಸ್ಟೆರಾಯ್ಡ್ ಥಟ್ಟನೆ ಬಿಟ್ಟಿದ್ದಕ್ಕೇ ಜೀವ ಹೋಗಬಹುದಿತ್ತು. ಆದರೆ ಮೊದಲು ಕೆಲಸ ಮಾಡಿದ್ದು ಈಗಲೂ ಮಾಡೋ ಸಾಧ್ಯತೆ ಜಾಸ್ತಿ."

ಸ್ಟೆರಾಯ್ಡ್ ಶುರುವಾದ ಮೊದಲ ದಿನ ಹನ್ನೆರಡು ಸಲ. ಎರಡನೇ ದಿನ ಒಂಬತ್ತು. ನರ್ಸ್ ಕೊಟ್ಟ ಹಾಳೆಯಲ್ಲಿ ಕಾವ್ಯ ಗೆರೆ ಹಾಕುತ್ತಿದ್ದಳು. ಯಜಮಾನರು ಆ ಹಾಳೆಯನ್ನು ತಾಸಿಗೊಮ್ಮೆ ನೋಡುತ್ತಿದ್ದರು. ಊರಿನಲ್ಲಿ ಹುಳು ಮೂರನೇ ಸಲ ಪೊರೆ ಬಿಡುತ್ತಿದ್ದವು, ಪಕ್ಕದ ಮನೆಯವರಿಗೆ ವಹಿಸಿ ಬಂದಿದ್ದರು. ಅವುಗಳ ವಿಷಯ ಒಂದು ಸಲವೂ ಎತ್ತಲಿಲ್ಲ. ಎತ್ತದೇ ಇದ್ದದ್ದಕ್ಕೇ ಅವರ ಭಯ ಎಷ್ಟೆಂದು ನನಗೆ ತಿಳಿಯಿತು. ಎರಡನೇ ದಿನ ಸರ್ಜನ್ ಕೂಡ ಬಂದು ಹೊಟ್ಟೆ ಮುಟ್ಟಿ ನೋಡಿ ಹೋದರು. ಅವರು ಬೆರಳಿಟ್ಟ ಜಾಗದಲ್ಲೆಲ್ಲ ಇಲ್ಲೇ ಕೊಯ್ಯುತ್ತಾರೇನೋ ಎನಿಸಿತು.

ಮೂರನೇ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾಲ್ಕೇ ಗೆರೆ.

ಮೇಡಂ ಊತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯ ರಿಪೋರ್ಟ್ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಸರ್ಜನ್‌ಗೆ ಬೇಡ ಅಂತ ಹೇಳ್ತೀನಿ" ಎಂದರು. ಅತ್ತೆ ಎದ್ದು ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಗೋಡೆಯ ಕಡೆ ತಿರುಗಿ ಸಮಾಧಾನವಾಗುವವರೆಗೆ ಅಳುತ್ತ ಮಲಗಿದೆ. ನನ್ನ ಕರುಳು ನನ್ನ ಒಳಗೇ ಉಳಿಯಿತು. ಅಷ್ಟೊಂದು ಖುಷಿ ನನಗೆ ಮಗಳು ಹುಟ್ಟಿದಾಗ ಬಿಟ್ಟರೆ ಆಗಿದ್ದಿಲ್ಲ.

ಡಿಸ್ಚಾರ್ಜ್ ದಿನ ಮೇಡಂ ಆ ಬಾಟಲಿ ತರಿಸಿ ನೋಡಿದರು. ಬಿಸಾಡುತ್ತಾರೆ ಎಂದುಕೊಂಡಿದ್ದೆ. ಬಿಸಾಡಲಿಲ್ಲ.

"ಇದನ್ನ ಸುಳ್ಳು ಅಂತ ನಾನು ಹೇಳಲ್ಲ. ಇಲಿಗಳಲ್ಲಿ ಕಂಡಿರೋದು ನಿಜಾನೇ, ಅದಕ್ಕೇ ಜನ ಇದರ ಹಿಂದೆ ಬಿದ್ದಿದ್ದಾರೆ. ಆದರೆ ನಿಮ್ಮಂಥ ರೋಗಿಗಳಲ್ಲಿ ಎಷ್ಟು ಕೊಡಬೇಕು, ಎಷ್ಟು ದಿನ, ಲಿವರ್‌ಗೆ ಏನಾಗುತ್ತೆ, ಬೇರೆ ಮಾತ್ರೆ ಜೊತೆ ಸೇರಿದರೆ ಏನು, ಇದ್ಯಾವುದೂ ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕೊಡೋಕೆ ನನಗೆ ಧೈರ್ಯ ಇಲ್ಲ."

"ನಂಗೆ ನಿದ್ದೆ ಬಂದಿದ್ದು, ಮುಖ ಇಳಿದಿದ್ದು ಮೇಡಂ?"

"ಸ್ಟೆರಾಯ್ಡ್ ಬಿಟ್ಟರೆ ಮುಖ ಇಳಿಯುತ್ತೆ, ನಿದ್ದೆ ಬರುತ್ತೆ. ಎಣ್ಣೆಯಿಂದಲೂ ಸ್ವಲ್ಪ ಆಗಿರಬಹುದು. ಯಾವುದರಿಂದ ಅಂತ ಹೇಳೋಕೆ ಆಗಲ್ಲ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದೀರಲ್ಲ."

ಯಜಮಾನರು ಬಾಯಿ ಬಿಟ್ಟರು, "ಮೂರು ತಟ್ಟೆ ಇಟ್ಟಿದ್ದೆ ಮೇಡಂ" ಎಂದರು. ಮೇಡಂ ನಕ್ಕರು. ಬರಿ ಸೊಪ್ಪಿನ ತಟ್ಟೆ ಒಂದನ್ನು ಪಕ್ಕಕ್ಕೆ ಇಟ್ಟದ್ದು ಮಾತ್ರ ಒಳ್ಳೆಯ ಕೆಲಸ, ದೊಡ್ಡ ಸಂಶೋಧನೆಯಲ್ಲೂ ಹಾಗೇ ಮಾಡುತ್ತಾರೆ ಎಂದರು. ನಮ್ಮವರ ಮುಖ ಆ ಹತ್ತು ದಿನದಲ್ಲಿ ಮೊದಲ ಸಲ ಸ್ವಲ್ಪ ಅರಳಿತು. ಪ್ರಶ್ನೆ ಸರಿಯಾಗಿತ್ತು, ಕೇಳಿದ್ದು ಹುಳುವನ್ನು, ಅಷ್ಟೇ ಎಂದು ನಾನು ಕಾರಿನಲ್ಲಿ ಕಿಚಾಯಿಸಿದೆ. ಮಂಜು ಮಾತ್ರ ದಾರಿಯುದ್ದಕ್ಕೂ ತಪ್ಪೆಲ್ಲ ತನ್ನದೇ ಎನ್ನುತ್ತಿದ್ದ. ಅವನು ತಂದದ್ದು ಅಕ್ಕನ ಮೇಲಿನ ಪ್ರೀತಿಗೆ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ಕೇಳಿಯೂ ಕೇಳದಂತಿದ್ದವಳು ನಾನು.

ಅದಾಗಿ ಆರು ತಿಂಗಳಾಯಿತು. ಸ್ಟೆರಾಯ್ಡ್ ನಿಂತು ಮೂರು ತಿಂಗಳು. ಇಟ್ಟಿಗೆ ಬಣ್ಣದ ಮಾತ್ರೆ ನಡೆಯುತ್ತಿದೆ. ನುಂಗಿದೆನೇ ಎಂದು ಯಾರೂ ಕಾಯುವುದಿಲ್ಲ, ಕಾವ್ಯಳಂತೂ ಕೇಳುವುದೂ ಇಲ್ಲ. ಆದರೂ ಅವಳು ಮನೆಯಲ್ಲಿರುವಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನುಂಗುತ್ತೇನೆ. ಅವಳ ನಂಬಿಕೆ ಪೂರಾ ವಾಪಸ್ಸು ಬರಲು ಇನ್ನೂ ಸ್ವಲ್ಪ ದಿನ ಬೇಕು. ಮೊನ್ನೆ ಒಬ್ಬಳೇ ಬಸ್ಸಿನಲ್ಲಿ ಕೆಂಗಲ್ ಆಂಜನೇಯನ ಗುಡಿಗೆ ಹೋಗಿ ಬಂದೆ. ಕಿ‌ಟಕಿಯ ಪಕ್ಕ ಕೂತು ಹೊರಗೆ ನೋಡಿದೆ. ದಾರಿಯಲ್ಲಿ ಎಷ್ಟು ಪೆಟ್ರೋಲ್ ಬಂಕ್ ಬಂದವು, ಲೆಕ್ಕ ಇಡಲಿಲ್ಲ.

ಹೋದ ವಾರ ಮತ್ತೆ ಸ್ಕೋಪಿ ಆಯಿತು. ಮೇಡಂ ಪರದೆಯ ಮೇಲೆ ನನ್ನ ಕರುಳನ್ನು ನನಗೇ ತೋರಿಸಿದರು. ನಸುಗೆಂಪು, ನಯವಾಗಿತ್ತು. ಹುಣ್ಣು ಮಾಯ್ದಿದೆ, ಕಾಯಿಲೆ ಹೋಗಿಲ್ಲ, ಮಲಗಿದೆ ಎಂದರು. ಮತ್ತೆ ಏಳಬಹುದು ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಮಲಗಿದ್ದರೆ ಸಾಕು.

ಯಜಮಾನರು ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. ಏನೋ ಕೇಳಬೇಕು ಎಂದಾಗ ಅವರು ಮಾಡುವುದು ಅದನ್ನೇ.

"ಮೇಡಂ, ಆ ಎಣ್ಣೆನ ಮನ್ಸರ ಮ್ಯಾಲೆ ಸರಿಯಾಗಿ ನೋಡಿ, ಆಯ್ತದೆ ಇಲ್ಲ ಆಗಾಕಿಲ್ಲ ಅಂತ ಹೇಳಾಕೆ ಇನ್ನೂ ಎಷ್ಟು ವರ್ಸ ಬೇಕು?"

"ಗೊತ್ತಿಲ್ಲ. ಐದಾಗಬಹುದು, ಹತ್ತಾಗಬಹುದು. ಕೊನೆಗೆ ಪ್ರಯೋಜನ ಇಲ್ಲ ಅಂತಾನೂ ಗೊತ್ತಾಗಬಹುದು."

"ಅಲ್ಲೀಗಂಟ ಇವ್ಳು?"

ಇಷ್ಟು ತಿಂಗಳು ಅವರು ಯಾರನ್ನೂ ಕೇಳದೆ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಮೇಡಂ ಪೆನ್ನು ಕೆಳಗಿಟ್ಟರು.

"ಅಲ್ಲೀವರೆಗೂ ಇರ್ತಾರೆ. ಆಮೇಲೂ ಇರ್ತಾರೆ. ಮಾತ್ರೆ ಬಿಡದೇ ಇದ್ದರೆ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡು ಇನ್ನೂ ಒಂದು ಸಲ ಒರೆಸಿಕೊಂಡರು. ನಾನು ಪಕ್ಕದ ಕುರ್ಚಿಯಿಂದ ಕೈ ಚಾಚಿ ಅವರ ಕೈ ಹಿಡಿದೆ. ಧಾರೆಯ ದಿನ ಬಿಟ್ಟರೆ ನಾಲ್ಕು ಜನರ ಎದುರು ನಾನು ಅವರ ಕೈ ಹಿಡಿದವಳಲ್ಲ. ಅವರು ಬಿಡಿಸಿಕೊಳ್ಳುತ್ತಾರೆ ಎಂದುಕೊಂಡೆ. ಬಿಡಿಸಿಕೊಳ್ಳಲಿಲ್ಲ.